ಕಾರ್ಖಾನೆಯ ಪ್ರಸ್ತಾವ ಮತ್ತು ನಮ್ಮ ರಸ್ತೆ: ವಾಹನಗಳನ್ನು ಯಾವ ದಿನ, ಯಾವ ಜಾಗದಲ್ಲಿ ಎಣಿಸಬೇಕು?

ಕೊಪ್ಪಳ ತಾಲ್ಲೂಕು ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಮತ್ತು ಹೊಸಪೇಟೆಯ ನಡುವೆ, ರಾಷ್ಟ್ರೀಯ ಹೆದ್ದಾರಿ 67ರಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆಯೊಂದನ್ನು ಕಟ್ಟುವ ಪ್ರಸ್ತಾವ ಬಂದಿದೆ. ಅದರ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ವರದಿಯನ್ನು ಪಂಚಾಯಿತಿ ಕಚೇರಿಯಲ್ಲಿ ಇಟ್ಟಿದ್ದಾರೆ. ಸಾರ್ವಜನಿಕ ಆಲಿಕೆ ಸಭೆಯ ದಿನವೂ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಹೊಗೆ, ನೀರು, ಶಬ್ದಗಳ ಬಗ್ಗೆ ಅಧ್ಯಾಯಗಟ್ಟಲೆ ಬರೆದಿರುವ ಆ ವರದಿಯಲ್ಲಿ ರಸ್ತೆ ಸಂಚಾರಕ್ಕೆ ಸಿಕ್ಕಿರುವುದು ಕೆಲವೇ ಪುಟಗಳು. ಫೆಬ್ರುವರಿಯ ಒಂದು ಬುಧವಾರ, ಹೆದ್ದಾರಿಯ ಒಂದೇ ಜಾಗದಲ್ಲಿ ನಿಂತು 24 ಗಂಟೆ ವಾಹನಗಳನ್ನು ಎಣಿಸಿ, ಕಾರ್ಖಾನೆಯ ಲಾರಿಗಳನ್ನು ಅದಕ್ಕೆ ಕೂಡಿಸಿ, ಈಗಿರುವ ರಸ್ತೆ ಇಷ್ಟನ್ನು ತಾಳಿಕೊಳ್ಳುತ್ತದೆ ಎಂದು ತೀರ್ಮಾನಿಸಿದ್ದಾರೆ.

ಕಾರ್ಖಾನೆ ಬೇಕೋ ಬೇಡವೋ ಎಂಬ ವಾದವನ್ನು ನಾನು ಇಲ್ಲಿ ಎತ್ತುತ್ತಿಲ್ಲ. ಊರಿನಲ್ಲಿ ಎರಡೂ ಅಭಿಪ್ರಾಯದವರು ಇದ್ದಾರೆ, ಎರಡೂ ಕಡೆಯವರು ಓಡಾಡುವುದು ಇದೇ ರಸ್ತೆಯಲ್ಲಿ. ಹೆದ್ದಾರಿ ಅಗಲವಾಗಿದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹೆದ್ದಾರಿಯಿಂದ ಕಾರ್ಖಾನೆಯ ಜಾಗಕ್ಕೆ ಹೋಗಬೇಕಾದರೆ ನಮ್ಮ ಊರಿನ ಕೂಡುರಸ್ತೆಗೆ ಇಳಿಯಬೇಕು, ರೈಲ್ವೆ ಗೇಟು ದಾಟಬೇಕು, ಪ್ರೌಢಶಾಲೆಯ ಮುಂದೆ ಹಾದುಹೋಗಬೇಕು. ಈ ಮೂರರಲ್ಲಿ ಒಂದೂ ವರದಿಯ ಎಣಿಕೆಯಲ್ಲಿ ಇಲ್ಲ. ಸಭೆಯಲ್ಲಿ ಎದ್ದು ನಿಂತು ರಸ್ತೆ ಹಾಳಾಗುತ್ತದೆ ಎಂದಷ್ಟೇ ಹೇಳಿದರೆ ಅದನ್ನು ಒಂದು ಸಾಲಿನಲ್ಲಿ ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಆದ್ದರಿಂದ ಇಂತಹ ವರದಿಯ ಸಂಚಾರದ ಭಾಗವನ್ನು ಪರಿಶೀಲಿಸುವುದು ಹೇಗೆ, ಏನನ್ನು ಕೇಳಬೇಕು, ಯಾವ ಲೆಕ್ಕವನ್ನು ನಾವೇ ಮಾಡಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ರಸ್ತೆ ಎಂಜಿನಿಯರ್, ಬಳ್ಳಾರಿ

ತಾವು ಕೇಳಬೇಕಾದದ್ದನ್ನೇ ಕೇಳಿದ್ದೀರಿ. ಹೆದ್ದಾರಿಯಲ್ಲಿ ಎಣಿಸಿದರೆ ಉತ್ತರ ಯಾವಾಗಲೂ ಸಮಾಧಾನಕರವಾಗಿಯೇ ಬರುತ್ತದೆ, ಏಕೆಂದರೆ ಹೆದ್ದಾರಿಯನ್ನು ಕಟ್ಟಿರುವುದೇ ಅಂತಹ ಭಾರಕ್ಕೆ. ಸಂಚಾರದ ಪರಿಣಾಮವನ್ನು ಅಳೆಯಬೇಕಾದದ್ದು ಕಾರ್ಖಾನೆಯ ಗೇಟಿನಿಂದ ಹೆದ್ದಾರಿಯವರೆಗಿನ ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗದಲ್ಲಿ.

ಲೆಕ್ಕದ ಕ್ರಮವನ್ನು ಹೇಳುತ್ತೇನೆ. ವಾಹನಗಳನ್ನು ತಲೆ ಎಣಿಸಿ ಕೂಡಿಸುವುದಿಲ್ಲ. ಪ್ರತಿಯೊಂದನ್ನೂ ಅದು ರಸ್ತೆಯಲ್ಲಿ ಎಷ್ಟು ಕಾರುಗಳ ಜಾಗವನ್ನು ನುಂಗುತ್ತದೆ ಎಂಬ ಅಳತೆಗೆ, ಅಂದರೆ ಪ್ರಯಾಣಿಕ ಕಾರು ಘಟಕ ಅಥವಾ ಪಿಸಿಯುಗೆ, ಬದಲಾಯಿಸುತ್ತಾರೆ. ಗ್ರಾಮೀಣ ಭಾಗದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರತಂದ ಐಆರ್‌ಸಿ 64 ಮಾರ್ಗಸೂಚಿಯ ಪ್ರಕಾರ ಬೈಕು 0.5, ಕಾರು ಮತ್ತು ಆಟೊ 1, ಬಸ್ಸು ಅಥವಾ ಸಾದಾ ಲಾರಿ 3, ಟ್ರೇಲರ್ ಲಾರಿ ಮತ್ತು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನ ಬಂಡಿ 8. ಅದೇ ಮಾರ್ಗಸೂಚಿಯಲ್ಲಿ ಬಯಲು ಸೀಮೆಯ ಎರಡು ಪಥದ ರಸ್ತೆಗೆ ದಿನಕ್ಕೆ 15,000 ಪಿಸಿಯು, ಐದೂವರೆ ಮೀಟರ್ ಅಗಲದ ಮಧ್ಯಮ ರಸ್ತೆಗೆ 6,000, ಮೂರು ಮುಕ್ಕಾಲು ಮೀಟರ್ ಅಗಲದ ಒಂದು ಪಥದ ರಸ್ತೆಗೆ 2,000 ಎಂದು ಮಿತಿ ಹಾಕಿದ್ದಾರೆ. ತಮ್ಮ ಊರಿನ ಕೂಡುರಸ್ತೆಯ ಡಾಂಬರಿನ ಅಗಲವನ್ನು ಮೊದಲು ಟೇಪು ಹಿಡಿದು ಅಳೆಯಿರಿ. ಬಹುಪಾಲು ಹಳ್ಳಿಗಳ ರಸ್ತೆ ಮೂರು ಮುಕ್ಕಾಲು ಮೀಟರಿನದು.

ಈಗ ಕಾರ್ಖಾನೆಯ ಕಡೆಗೆ ಬರೋಣ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತೆಗೆಯಲು ಅಂದಾಜು 1.4 ಟನ್ ಅದಿರು, 0.8 ಟನ್ ಕೋಕಿಂಗ್ ಕಲ್ಲಿದ್ದಲು, 0.3 ಟನ್ ಸುಣ್ಣದಕಲ್ಲು ಒಳಗೆ ಬರಬೇಕು. ಹೊರಗೆ ಹೋಗುವಾಗ ಒಂದು ಟನ್ ಉಕ್ಕಿನ ಜೊತೆಗೆ 0.3ರಿಂದ 0.4 ಟನ್ ಕಿಟ್ಟವೂ (ಲೋಹ ತೆಗೆದ ಮೇಲೆ ಉಳಿಯುವ ಸ್ಲ್ಯಾಗ್) ಹೋಗಬೇಕು. ಎಲ್ಲ ಕೂಡಿದರೆ ಒಂದು ಟನ್ ಉಕ್ಕಿಗೆ ನಾಲ್ಕು ಟನ್ ಹತ್ತಿರದ ಸಾಗಣೆ. ಅರ್ಥವಾಗಲು ಅನುಕೂಲವಾಗಲೆಂದು ವರ್ಷಕ್ಕೆ 10 ಲಕ್ಷ ಟನ್ ಸಾಮರ್ಥ್ಯದ ಘಟಕ ಎಂದು ಇಟ್ಟುಕೊಳ್ಳಿ. ಸಾಗಿಸಬೇಕಾದದ್ದು 40 ಲಕ್ಷ ಟನ್. ಒಂದು ಲಾರಿಗೆ 30 ಟನ್, ವರ್ಷಕ್ಕೆ 330 ದಿನ ಎಂದರೆ ದಿನಕ್ಕೆ ಸುಮಾರು 404 ಲಾರಿ. ಬಂದ ಲಾರಿ ಹೋಗಲೂ ಬೇಕಾದ್ದರಿಂದ 808 ಓಡಾಟ. ಹಗಲು ರಾತ್ರಿ ಸಮನಾಗಿ ಹಂಚಿದರೂ ಎರಡು ನಿಮಿಷ ತುಂಬುವ ಮೊದಲೇ ಇನ್ನೊಂದು ಲಾರಿ ಹಾದುಹೋಗುತ್ತಿರುತ್ತದೆ. ಟ್ರೇಲರ್ ಲಾರಿಯ 4.5ರಂತೆ ಹಿಡಿದರೆ ಪಿಸಿಯು ಲೆಕ್ಕದಲ್ಲಿ ಅದು 3,636. ಎರಡು ಪಥದ ರಸ್ತೆಯ 15,000ದ ಎದುರು ಇಟ್ಟರೆ ಕಾಲುಭಾಗದಂತೆ ಕಾಣುವ ಈ ಸಂಖ್ಯೆಯನ್ನು ಕೂಡುರಸ್ತೆಯ 2,000ದ ಎದುರು ಇಟ್ಟು ನೋಡಿರಿ. ಶೇಕಡ 70ರಷ್ಟು ಸರಕು ರೈಲಿನಲ್ಲೇ ಬರುತ್ತದೆ ಎಂದು ಅವರು ಬರೆದಿದ್ದರೂ ಉಳಿದ ಶೇಕಡ 30ಕ್ಕೆ ದಿನಕ್ಕೆ 1,090 ಪಿಸಿಯು ಸೇರುತ್ತದೆ. ಅಂದರೆ ಊರಿನ ಬೈಕು, ಬಸ್ಸು, ಟ್ರ್ಯಾಕ್ಟರುಗಳನ್ನು ಎಣಿಸುವ ಮೊದಲೇ ರಸ್ತೆಯ ಅರ್ಧಕ್ಕಿಂತ ಹೆಚ್ಚು ಭಾಗ ತುಂಬಿರುತ್ತದೆ.

ವರದಿಯಲ್ಲಿ ಇರುವ ನಿಜವಾದ ಸಾಮರ್ಥ್ಯವನ್ನು ಈ ಲೆಕ್ಕದಲ್ಲಿ ಹಾಕಿ ನೋಡಿ. ಅವರ ಲಾರಿ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ ಬಂದಿದ್ದರೆ ಮೂರು ಕಾರಣ ಇರಬಹುದು: ಹಿಂದಿರುಗುವ ಖಾಲಿ ಲಾರಿಗಳನ್ನು ಬಿಟ್ಟಿರಬಹುದು, ಕಿಟ್ಟವನ್ನು ಬಿಟ್ಟಿರಬಹುದು, ಇಲ್ಲವೇ ರೈಲಿನ ಪಾಲನ್ನು ಇನ್ನೂ ಹಾಕದ ಸೈಡಿಂಗ್ ಹಳಿಯನ್ನು (ಮುಖ್ಯ ಹಳಿಯಿಂದ ಕಾರ್ಖಾನೆಯೊಳಗೆ ಹೋಗುವ ಕವಲು ಹಳಿಯನ್ನು) ನಂಬಿ ಹಿಗ್ಗಿಸಿರಬಹುದು.

ಅಕ್ಕಿ ಗಿರಣಿ, ಗಂಗಾವತಿ

ಎಂಜಿನಿಯರ್ ಸಾಹೇಬರು ಜಾಗದ ಬಗ್ಗೆ ಹೇಳಿದರು. ನಾನು ಕಾಲದ ಬಗ್ಗೆ ಹೇಳುತ್ತೇನೆ. ಫೆಬ್ರುವರಿ ಎಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಎರಡನೆಯ ಬೆಳೆ ಇನ್ನೂ ಗದ್ದೆಯಲ್ಲಿ ನಿಂತಿರುವ ತಿಂಗಳು. ನಮ್ಮ ರಸ್ತೆಗಳು ಅತ್ಯಂತ ಖಾಲಿ ಇರುವುದು ಆಗಲೇ. ನವೆಂಬರ್–ಡಿಸೆಂಬರಿನ ಕೊಯ್ಲು ಮತ್ತು ಏಪ್ರಿಲ್–ಮೇ ತಿಂಗಳ ಕೊಯ್ಲಿನಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರಿನ ಗಿರಣಿಗಳಿಗೆ ಭತ್ತ ಹೊತ್ತು ಬರುವ ಟ್ರ್ಯಾಕ್ಟರುಗಳು, ಹೊರಗಿನಿಂದ ಬರುವ ಕೊಯ್ಲು ಯಂತ್ರಗಳು, ಅಕ್ಕಿ ಒಯ್ಯುವ ಲಾರಿಗಳು ಎಲ್ಲವೂ ಒಟ್ಟಿಗೆ ರಸ್ತೆಗೆ ಇಳಿಯುತ್ತವೆ. ಕೊಯ್ಲು ಯಂತ್ರವೊಂದು ಮುಂದೆ ಹೋಗುತ್ತಿದ್ದರೆ ಹಿಂದಿನ ಬಸ್ಸಿಗೆ ಮೈಲುಗಟ್ಟಲೆ ದಾಟಿ ಹೋಗಲು ಜಾಗ ಸಿಗುವುದಿಲ್ಲ. ರಾತ್ರಿಯಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರುಗಳ ಸಾಲು ಸಾಗುತ್ತಿರುತ್ತದೆ. ಒಂದೊಂದು ಟ್ರ್ಯಾಕ್ಟರಿಗೆ 4.5ರಂತೆ ಹಿಡಿದರೆ ಸುಗ್ಗಿಯ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ತಾವೇ ಯೋಚಿಸಿರಿ.

ಬುಧವಾರವನ್ನು ಆರಿಸಿಕೊಂಡದ್ದೂ ಗಮನಿಸಬೇಕಾದ ಸಂಗತಿ. ಹುಲಿಗೆಮ್ಮನ ದರ್ಶನಕ್ಕೆ ಜನ ಮುಗಿಬೀಳುವುದು ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ. ಆ ದಿನಗಳಲ್ಲಿ ಮುನಿರಾಬಾದ್ ಕಡೆಯ ದಾರಿಗಳಲ್ಲಿ ಟಂಟಂ, ಕ್ರೂಸರ್, ಟ್ರ್ಯಾಕ್ಟರುಗಳಲ್ಲಿ ಸಂಸಾರ ಸಮೇತ ಬರುವವರು, ಬರಿಗಾಲಿನಲ್ಲಿ ನಡೆದು ಬರುವವರು ತುಂಬಿರುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬರುವ ಲಕ್ಷಾಂತರ ಭಕ್ತರ ವಾಹನಗಳು ಬೇರೆ. ವಾರದಲ್ಲಿ ಎರಡು ದಿನವೂ ತಿಂಗಳಲ್ಲಿ ಒಂದು ಹುಣ್ಣಿಮೆಯೂ ತಪ್ಪದೆ ಬರುವ ಜನಸಂದಣಿಯನ್ನು ಅಪರೂಪದ ಘಟನೆ ಎಂದು ಲೆಕ್ಕದಿಂದ ಕೈಬಿಡುವುದು ನ್ಯಾಯವಲ್ಲ.

ನಿವೃತ್ತ ರಸ್ತೆ ಎಂಜಿನಿಯರ್, ಬಳ್ಳಾರಿ

ಗಿರಣಿಯವರು ಅನುಭವದಿಂದ ಹೇಳಿದ ಮಾತಿಗೆ ಲಿಖಿತ ಆಧಾರವೇ ಇದೆ. ನಗರದ ಹೊರಗಿನ ರಸ್ತೆಗಳಲ್ಲಿ ವಾಹನ ಗಣತಿ ಹೇಗೆ ನಡೆಯಬೇಕೆಂದು ಹೇಳುವ ಐಆರ್‌ಸಿ 9, 1972ರಷ್ಟು ಹಿಂದಿನದು. ವರ್ಷಕ್ಕೆ ಕನಿಷ್ಠ ಎರಡು ಬಾರಿ, ಪ್ರತಿ ಬಾರಿ ಸತತ ಏಳು ದಿನ, ದಿನಕ್ಕೆ 24 ಗಂಟೆ ಎಣಿಸಬೇಕು. ಅದರಲ್ಲಿ ಒಂದು ಗಣತಿ ಕೊಯ್ಲು ಮತ್ತು ಮಾರಾಟದ ಭರಾಟೆಯ ಕಾಲದಲ್ಲಿ, ಇನ್ನೊಂದು ಸಂಚಾರ ಕಡಿಮೆ ಇರುವ ಕಾಲದಲ್ಲಿ ಇರಬೇಕು ಎಂಬುದು ಅದರ ಕ್ರಮ. ಸಭೆಯಲ್ಲಿ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿರಿ: ಸುಗ್ಗಿಯ ಏಳು ದಿನಗಳ ಗಣತಿ ಎಲ್ಲಿದೆ?

ಲಾರಿ ಮಾಲೀಕ, ಸಂಡೂರು

ಇಲ್ಲಿಯವರೆಗಿನ ಬರಹಗಳನ್ನು ಓದಿದರೆ ಲಾರಿ ಎಂಬುದೇ ಒಂದು ರೋಗ ಎಂಬಂತೆ ಕಾಣುತ್ತಿದೆ. ನಮ್ಮ ಕಡೆಯ ಮಾತನ್ನೂ ಕೇಳಿಸಿಕೊಳ್ಳಬೇಕೆಂದು ವಿನಂತಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಸಂಡೂರು, ಹೊಸಪೇಟೆ, ತೋರಣಗಲ್ಲು ಸುತ್ತಿನ ಲಾರಿಗಳು ನಿಂತಲ್ಲೇ ನಿಂತವು. ಸಾಲ ಮಾಡಿ ಒಂದೋ ಎರಡೋ ಲಾರಿ ಕೊಂಡಿದ್ದವರು ಕಂತು ಕಟ್ಟಲಾಗದೆ ಲಾರಿಯನ್ನೂ ಕಳೆದುಕೊಂಡರು, ಹೊಲವನ್ನೂ ಕಳೆದುಕೊಂಡರು. ಅಕ್ರಮ ಮಾಡಿದವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಎಲ್ಲವೂ ರೈಲಿನಲ್ಲಿ, ಪೈಪ್ ಕನ್ವೇಯರಿನಲ್ಲಿ ಹೋಗಲಿ ಎಂದು ಒಂದೇ ಮಾತಿನಲ್ಲಿ ಹೇಳುವವರು ಚಾಲಕ, ಕ್ಲೀನರ್, ಪಂಕ್ಚರ್ ಅಂಗಡಿಯವನು, ಹೋಟೆಲ್ಲಿನವನು, ಹಮಾಲಿ ಇವರೆಲ್ಲ ಎಲ್ಲಿಗೆ ಹೋಗಬೇಕೆಂಬುದನ್ನೂ ಹೇಳಬೇಕು.

ರಸ್ತೆ ಹಾಳಾಗುವುದಕ್ಕೆ ಮೂಲ ಕಾರಣ ಲಾರಿಯ ಸಂಖ್ಯೆ ಒಂದೇ ಅಲ್ಲ ಎಂಬುದನ್ನು ಈ ವೃತ್ತಿಯಲ್ಲಿರುವವನಾಗಿ ಹೇಳುತ್ತೇನೆ. ಬಾಡಿಗೆಯನ್ನು ಟನ್ ಲೆಕ್ಕದಲ್ಲಿ ಕೊಡುವುದರಿಂದ, ಡೀಸೆಲ್ ಏರಿದರೂ ದರ ಏರದಿದ್ದಾಗ, ಹೆಚ್ಚು ತುಂಬಿದವನಿಗೆ ಮಾತ್ರ ಉಳಿತಾಯವಾಗುತ್ತದೆ. ದಂಡ ಬೀಳುವುದು ಮಾಲೀಕನಿಗೆ ಮತ್ತು ಚಾಲಕನಿಗೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ತುಂಬಿಸಿ ಕಳುಹಿಸುವವರು ಗೇಟಿನಲ್ಲೇ ತೂಕ ಮಾಡಿ, ಮಿತಿ ದಾಟಿದ ಲಾರಿಯನ್ನು ಹೊರಗೆ ಬಿಡದಿದ್ದರೆ ಈ ಪ್ರಶ್ನೆ ಅರ್ಧ ಬಗೆಹರಿಯುತ್ತದೆ.

ಇನ್ನೊಂದು ಸಂಗತಿ. ಟೋಕನ್ ಸಿಗುವವರೆಗೆ ಲಾರಿಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಒಳಗೆ ಯಾರ್ಡ್ ಇಲ್ಲದಿದ್ದರೆ ಹೆದ್ದಾರಿಯ ಅಂಚಿನಲ್ಲೇ ನಿಲ್ಲಿಸುತ್ತಾರೆ. ಕತ್ತಲೆಯಲ್ಲಿ ನಿಂತ ಲಾರಿಗೆ ಬೈಕಿನವರು ಹಿಂದಿನಿಂದ ಬಂದು ಗುದ್ದುತ್ತಾರೆ. ಚಾಲಕನಿಗೆ ನೀರಿಲ್ಲ, ಶೌಚಾಲಯವಿಲ್ಲ, ನಿದ್ರೆಯಿಲ್ಲ. ನಿದ್ರೆಯಿಲ್ಲದವನು ತಮ್ಮ ಶಾಲೆಯ ಮುಂದೆ ಲಾರಿ ಓಡಿಸುತ್ತಾನೆ. ಕಾರ್ಖಾನೆಯ ಆವರಣದ ಒಳಗೇ ಅಷ್ಟೂ ಲಾರಿಗಳಿಗೆ ನಿಲುಗಡೆ ಇರಬೇಕೆಂದು ತಾವು ಕೇಳಿದರೆ ನಾವೂ ತಮ್ಮ ಜೊತೆಗೆ ನಿಲ್ಲುತ್ತೇವೆ.

ನಿವೃತ್ತ ರಸ್ತೆ ಎಂಜಿನಿಯರ್, ಬಳ್ಳಾರಿ

ಲಾರಿ ಮಾಲೀಕರ ಮಾತಿನಲ್ಲಿ ಹುರುಳಿದೆ; ಭಾರದ ಬಗ್ಗೆ ಅವರು ಹೇಳಿದ್ದನ್ನು ಅಂಕಿಯಲ್ಲಿ ತೋರಿಸುತ್ತೇನೆ. ರಸ್ತೆಯ ವಿನ್ಯಾಸದಲ್ಲಿ 8.16 ಟನ್ ಭಾರದ ಒಂದು ಅಚ್ಚನ್ನು (ಆಕ್ಸಲ್) ಪ್ರಮಾಣವಾಗಿ ಹಿಡಿಯುತ್ತಾರೆ. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಸರಿಸುಮಾರು ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ: ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆ ಕಾನೂನುಬದ್ಧ ಅಚ್ಚೇ ಪ್ರಮಾಣದ ಅಚ್ಚಿನ ಸುಮಾರು ನಾಲ್ಕು ಪಟ್ಟು ಹಾನಿ ಮಾಡುತ್ತದೆ. ಅದನ್ನು 14 ಟನ್ನಿಗೆ ತುಂಬಿದರೆ ಹಾನಿ ಎಂಟು ಪಟ್ಟು ಮೀರುತ್ತದೆ.

ಗ್ರಾಮ ಸಡಕ್ ಯೋಜನೆಯಂತಹ ರಸ್ತೆಗಳ ಡಾಂಬರು ಪದರವನ್ನು ಐಆರ್‌ಸಿ ಎಸ್‌ಪಿ 72ರ ಪ್ರಕಾರ ವಿನ್ಯಾಸ ಮಾಡುತ್ತಾರೆ. ಆ ಮಾರ್ಗಸೂಚಿಯ ಗರಿಷ್ಠ ಮಿತಿಯೇ ರಸ್ತೆಯ ಆಯುಷ್ಯವಿಡೀ ಸೇರಿ 20 ಲಕ್ಷ ಪ್ರಮಾಣದ ಅಚ್ಚುಗಳು. ಹೆಚ್ಚಿನ ಹಳ್ಳಿಯ ರಸ್ತೆಗಳನ್ನು ಅದಕ್ಕಿಂತ ಬಹಳ ಕಡಿಮೆ ಭಾರಕ್ಕೆ ಕಟ್ಟಿರುತ್ತಾರೆ. ಹಿಂದೆ ಹೇಳಿದ 404 ತುಂಬಿದ ಲಾರಿಗಳಿಗೆ, ಒಂದಕ್ಕೆ ನಾಲ್ಕು ಪ್ರಮಾಣದ ಅಚ್ಚುಗಳ ಹಾನಿ ಎಂದು ಸೌಮ್ಯವಾಗಿಯೇ ಹಿಡಿದರೂ ವರ್ಷಕ್ಕೆ 5.3 ಲಕ್ಷ ಆಗುತ್ತದೆ. ನಾಲ್ಕು ವರ್ಷ ತುಂಬುವ ಮೊದಲೇ ಆ ಗರಿಷ್ಠ ಮಿತಿಯೂ ಮುಗಿಯುತ್ತದೆ. ಆದ್ದರಿಂದ ಕೂಡುರಸ್ತೆಯನ್ನು ದುರಸ್ತಿ ಮಾಡಿಕೊಡುತ್ತೇವೆ ಎಂಬ ಭರವಸೆಗೆ ತಾವು ಒಪ್ಪಬಾರದು. ಕಾರ್ಖಾನೆಗೆ ಹೆದ್ದಾರಿಯಿಂದಲೇ ಪ್ರತ್ಯೇಕ ರಸ್ತೆ ಬೇಕು, ಅದೂ ಯಂತ್ರಗಳು ಮತ್ತು ಸಿಮೆಂಟು ಬರಲು ಆರಂಭವಾಗುವ ಮುನ್ನ ಸಿದ್ಧವಾಗಬೇಕು. ನಿರ್ಮಾಣದ ವರ್ಷಗಳ ಟಿಪ್ಪರುಗಳೇ ಹಳ್ಳಿಯ ರಸ್ತೆಯನ್ನು ಮುಗಿಸಿಬಿಡುತ್ತವೆ, ಮತ್ತು ಆ ಅವಧಿಯ ಲೆಕ್ಕವನ್ನು ವರದಿಗಳಲ್ಲಿ ನಾನು ಕಂಡದ್ದು ಬಹಳ ಕಡಿಮೆ.

ಶಾಲಾ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಪಿಸಿಯು ಪಟ್ಟಿಯನ್ನು ಎರಡು ಸಲ ಓದಿದೆ. ಬೈಕಿಗೆ 0.5 ಇದೆ, ಎತ್ತಿನ ಬಂಡಿಗೆ 8 ಇದೆ, ನಡೆದು ಹೋಗುವ ಮಗುವಿಗೆ ಯಾವ ಅಂಕಿಯೂ ಇಲ್ಲ. ನಮ್ಮ ಶಾಲೆಯ ಹೆಚ್ಚಿನ ಮಕ್ಕಳು ನಡೆದೇ ಬರುತ್ತಾರೆ. ಪಕ್ಕದ ಹಳ್ಳಿಯವರು ಬಸ್ಸಿನಿಂದ ಇಳಿದು ರಸ್ತೆ ದಾಟುತ್ತಾರೆ. ಹೆಣ್ಣುಮಕ್ಕಳನ್ನು ಪ್ರೌಢಶಾಲೆಯಿಂದ ಬಿಡಿಸುವ ಮಾತು ಮನೆಗಳಲ್ಲಿ ಬಂದಾಗ ದಾರಿಯ ಭಯವೂ ಒಂದು ಕಾರಣವಾಗಿರುತ್ತದೆ. ಹತ್ತನೇ ತರಗತಿಯಲ್ಲಿ ಖಾಲಿಯಾಗುವ ಬೆಂಚುಗಳನ್ನು ನೋಡುವವಳು ನಾನು. ರಸ್ತೆಯ ಸಾಮರ್ಥ್ಯ ಸಾಕು ಎಂಬ ಮಾತು ವಾಹನಗಳ ಮಟ್ಟಿಗೆ ನಿಜವಿರಬಹುದು. ದಾಟುವವರ ಮಟ್ಟಿಗೆ ಅದು ನಿಜವೇ ಎಂಬುದನ್ನು ಅಳೆಯುವ ಯಾವುದಾದರೂ ಕ್ರಮ ಇದೆಯೇ ಎಂದು ಎಂಜಿನಿಯರ್ ಅವರು ತಿಳಿಸಬೇಕು.

ನಿವೃತ್ತ ರಸ್ತೆ ಎಂಜಿನಿಯರ್, ಬಳ್ಳಾರಿ

ಇದೆ ಮೇಡಂ. ಪಾದಚಾರಿಗಳ ಸೌಲಭ್ಯದ ಬಗ್ಗೆ ಐಆರ್‌ಸಿ 103 ಎಂಬ ಮಾರ್ಗಸೂಚಿ ಇದೆ. ಅದರ 2012ರ ಆವೃತ್ತಿಯಂತೆ ದಟ್ಟಣೆಯ ಒಂದು ಗಂಟೆಯಲ್ಲಿ ರಸ್ತೆ ದಾಟುವ ಜನರ ಸಂಖ್ಯೆಯನ್ನು, ಅದೇ ಗಂಟೆಯಲ್ಲಿ ಹಾದುಹೋಗುವ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ವಿಭಜಕವಿಲ್ಲದ ರಸ್ತೆಯಲ್ಲಿ ಆ ಗುಣಲಬ್ಧ 10 ಕೋಟಿಯನ್ನೂ, ವಿಭಜಕವಿರುವ ರಸ್ತೆಯಲ್ಲಿ 20 ಕೋಟಿಯನ್ನೂ ಮುಟ್ಟಿದರೆ ಅಲ್ಲಿ ನಿಯಂತ್ರಿತ ದಾಟುದಾರಿ ಬೇಕೆಂದು ಅರ್ಥ. ಉದಾಹರಣೆಗೆ ಬೆಳಿಗ್ಗೆ ಒಂದು ಗಂಟೆಯಲ್ಲಿ 150 ಮಂದಿ ದಾಟುತ್ತಾರೆ, 800 ವಾಹನಗಳು ಹೋಗುತ್ತವೆ ಎಂದುಕೊಳ್ಳಿ: 9.6 ಕೋಟಿ ಬರುತ್ತದೆ, ಮಿತಿಯೊಳಗೇ ಇದೆ. ವಾಹನಗಳು 900 ಆದರೆ ಅದು 12.15 ಕೋಟಿಗೆ ಜಿಗಿಯುತ್ತದೆ. ವಾಹನ ಎಂಟರಲ್ಲೊಂದು ಪಾಲು ಹೆಚ್ಚಿದ್ದಕ್ಕೆ ಅಪಾಯದ ಅಳತೆ ಕಾಲುಭಾಗಕ್ಕಿಂತ ಹೆಚ್ಚಾಯಿತು. ಪಾಳಿ ಬದಲಾಗುವ ಹೊತ್ತಿನ ಕಾರ್ಮಿಕರ ಬೈಕುಗಳನ್ನೂ ಇದರಲ್ಲಿ ಸೇರಿಸಬೇಕು. ಸಾಮಾನ್ಯ ಪಾಳಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆರಂಭವಾದರೆ ಅದು ಸರಿಯಾಗಿ ತಮ್ಮ ಶಾಲೆಯ ಹೊತ್ತಿಗೇ ಬೀಳುತ್ತದೆ. ತಮ್ಮ ಸಹೋದ್ಯೋಗಿಗಳು ಶಾಲೆ ತೆರೆಯುವ ಮುಂಚಿನ ಒಂದು ಗಂಟೆ, ಬಿಟ್ಟ ನಂತರದ ಒಂದು ಗಂಟೆ ಎಣಿಸಿ ಕೊಟ್ಟರೆ ಅದು ಈ ಇಡೀ ಚರ್ಚೆಯ ಅತ್ಯಂತ ಗಟ್ಟಿಯಾದ ದಾಖಲೆಯಾಗುತ್ತದೆ.

ರಾಯಚೂರು ನಿವಾಸಿ

ಹೊರಗೆ ಹೋಗುವ ಸರಕಿನ ಬಗ್ಗೆ ಒಂದು ಮಾತು. ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರ 1,720 ಮೆಗಾವಾಟ್, ಯರಮರಸ್ 1,600 ಮೆಗಾವಾಟ್, ತಮ್ಮ ಕಡೆಯ ಕುಡುತಿನಿಯದು 1,700 ಮೆಗಾವಾಟ್. ಇವುಗಳಿಗೆ ಕಲ್ಲಿದ್ದಲು ಬರುವುದು ರೈಲಿನಲ್ಲಿ. ಅಷ್ಟನ್ನೇ ಓದಿದವರಿಗೆ ರಸ್ತೆಯ ಮೇಲೆ ಏನೂ ಭಾರವಿಲ್ಲ ಎನಿಸುತ್ತದೆ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇಕಡ 30ಕ್ಕಿಂತ ಹೆಚ್ಚು ಬೂದಿ ಇರುತ್ತದೆ. 2021ರ ಡಿಸೆಂಬರ್ 31ರ ಕೇಂದ್ರದ ಅಧಿಸೂಚನೆಯ ಪ್ರಕಾರ ಆ ಬೂದಿಯನ್ನೆಲ್ಲ ಬಳಕೆಗೆ ಒಯ್ಯಲೇಬೇಕು. ಸಿಮೆಂಟಿಗೆ, ಇಟ್ಟಿಗೆಗೆ, ರಸ್ತೆಯ ಏರಿಗೆ ಅದು ಹೊರಡುವುದು ಬಲ್ಕರುಗಳಲ್ಲಿ (ಮುಚ್ಚಿದ ಟ್ಯಾಂಕರ್ ಲಾರಿಗಳಲ್ಲಿ) ಮತ್ತು ಟಿಪ್ಪರುಗಳಲ್ಲಿ. ಬೂದಿಯನ್ನು ಬಳಸುವುದು ಒಳ್ಳೆಯದೇ. ಆದರೆ ತಾಡಪತ್ರಿ ಸರಿಯಾಗಿ ಕಟ್ಟದ ಒಂದು ಟಿಪ್ಪರು ಹಾದುಹೋದರೆ ಬೈಕಿನವರು ಕಣ್ಣು ಮುಚ್ಚಿಕೊಂಡು ಓಡಿಸಬೇಕಾಗುತ್ತದೆ. ತಮ್ಮ ವರದಿಯಲ್ಲಿ ಕಿಟ್ಟ ಮತ್ತು ದೂಳಿನ ತ್ಯಾಜ್ಯ ಯಾವ ಊರಿಗೆ, ಯಾವ ದಾರಿಯಲ್ಲಿ, ಯಾವ ವಾಹನದಲ್ಲಿ ಹೋಗುತ್ತದೆ ಎಂದು ಬರೆದಿದೆಯೇ ನೋಡಿರಿ.

ಕೊಪ್ಪಳ ತಾಲ್ಲೂಕು ನಿವಾಸಿ

ನೋಡಿದೆ. ಮಾರಾಟ ಮಾಡಲಾಗುವುದು ಎಂದಿದೆ, ದಾರಿಯ ಮಾತಿಲ್ಲ. ಇನ್ನು ರೈಲ್ವೆ ಗೇಟಿನ ಪ್ರಶ್ನೆ ಉಳಿದಿದೆ. ರೈಲಿನ ಪಾಲು ಹೆಚ್ಚಾದಷ್ಟೂ ನಮಗೆ ಒಳ್ಳೆಯದೆಂದು ತಿಳಿಯಬಹುದೇ? ಈಗಲೇ ಗೇಟು ಬಿದ್ದರೆ ಕೊಪ್ಪಳದ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ಕೂಡ ಕಾಯುತ್ತಾ ನಿಲ್ಲಬೇಕಾಗುತ್ತದೆ.

ನಿವೃತ್ತ ರಸ್ತೆ ಎಂಜಿನಿಯರ್, ಬಳ್ಳಾರಿ

ಹೆದ್ದಾರಿಗೆ ಒಳ್ಳೆಯದು, ಗೇಟಿಗೆ ಅಲ್ಲ. ಒಂದು ಸರಕು ರೈಲಿನ ರೇಕು, ಅಂದರೆ ಬೋಗಿಗಳ ಪೂರ್ತಿ ಸಾಲು, ಸುಮಾರು 3,800 ಟನ್ ಒಯ್ಯುತ್ತದೆ. ಮೇಲಿನ ಉದಾಹರಣೆಯ ಶೇಕಡ 70, ಅಂದರೆ 28 ಲಕ್ಷ ಟನ್ ಸಾಗಿಸಲು ವರ್ಷಕ್ಕೆ 737 ರೇಕು ಬೇಕು. ದಿನಕ್ಕೆ ಎರಡಕ್ಕಿಂತ ಸ್ವಲ್ಪ ಹೆಚ್ಚು. ಖಾಲಿ ರೇಕು ಹಿಂದಿರುಗುವುದನ್ನು ಸೇರಿಸಿದರೆ ನಾಲ್ಕೈದು ಸಲ ಗೇಟು ಬೀಳುತ್ತದೆ. ಒಂದೊಂದಕ್ಕೆ ಹದಿನೈದು ನಿಮಿಷ ಹಿಡಿದರೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಊರಿನ ದಾರಿ ಮುಚ್ಚಿರುತ್ತದೆ. ಸೈಡಿಂಗಿಗೆ ತಿರುಗುವ ಹಳಿ ಗೇಟಿನ ಹತ್ತಿರವೇ ಇದ್ದರೆ ಬೋಗಿಗಳನ್ನು ಹಿಂದೆ ಮುಂದೆ ತಳ್ಳುವಾಗ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಇಪ್ಪತ್ತು ಟ್ರೇಲರ್ ಲಾರಿಗಳು ಒಂದರ ಹಿಂದೊಂದು ನಿಂತರೆ ಸಾಲು 400 ಮೀಟರಿನಷ್ಟಾಗುತ್ತದೆ. ಗೇಟಿನಿಂದ ಹೆದ್ದಾರಿಗೆ ಅಷ್ಟು ದೂರವಿಲ್ಲದಿದ್ದರೆ ಬಾಲ ಹೆದ್ದಾರಿಯ ಮೇಲೆಯೇ ಇರುತ್ತದೆ.

ರೈಲ್ವೆ ಇಲಾಖೆಗೆ ಇದನ್ನು ಅಳೆಯುವ ತನ್ನದೇ ಕ್ರಮವಿದೆ: ಗೇಟಿನಲ್ಲಿ ದಿನಕ್ಕೆ ಓಡುವ ರೈಲುಗಳ ಸಂಖ್ಯೆಯನ್ನು ದಾಟುವ ರಸ್ತೆ ವಾಹನಗಳ ಘಟಕಗಳಿಂದ ಗುಣಿಸಿದಾಗ ಒಂದು ಲಕ್ಷ ಮೀರಿದರೆ ಮೇಲ್ಸೇತುವೆ ಅಥವಾ ಕೆಳಸೇತುವೆಗೆ ಅರ್ಹತೆ ಬರುತ್ತದೆ. ದಿನಕ್ಕೆ 50 ರೈಲು, 2,000 ವಾಹನ ಘಟಕ ಇದ್ದರೆ ಆ ಗಡಿಯನ್ನು ಮುಟ್ಟಿದಂತೆ. ಕಾರ್ಖಾನೆ ಈ ಎರಡು ಸಂಖ್ಯೆಗಳನ್ನೂ ಹೆಚ್ಚಿಸುತ್ತದೆ. ಹೀಗಾಗಿ ಸೇತುವೆಯ ಖರ್ಚಿನಲ್ಲಿ ಅವರ ಪಾಲು ಎಷ್ಟು ಎಂದು ಈಗಲೇ ಕೇಳುವ ಹಕ್ಕು ತಮಗಿದೆ.

ವಕೀಲ, ರಾಯಚೂರು

ಇಷ್ಟು ಒಳ್ಳೆಯ ಲೆಕ್ಕ ಬಾಯಿಮಾತಿನಲ್ಲೇ ಉಳಿಯಬಾರದು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಆಲಿಕೆ ಸಭೆಯನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿಯವರು ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಸೂಚನೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಗೆ ಬರಲಾಗದವರೂ ಮಂಡಳಿಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸಬಹುದು. ಸಭೆಯ ನಡಾವಳಿಯನ್ನು ವಿಡಿಯೊ ಮಾಡಬೇಕು, ಕೊನೆಯಲ್ಲಿ ಜನರ ಮುಂದೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ನನ್ನ ಅನುಭವದಲ್ಲಿ ಆ ಕೊನೆಯ ಹೊತ್ತಿಗೆ ಪೆಂಡಾಲು ಖಾಲಿಯಾಗಿರುತ್ತದೆ. ದಯವಿಟ್ಟು ಕೆಲವರಾದರೂ ಓದಿ ಮುಗಿಸುವವರೆಗೆ ಕುಳಿತಿರಿ. ತಮ್ಮ ಅಂಕಿಗಳು ಅದರಲ್ಲಿ ಬಂದಿಲ್ಲವಾದರೆ ಅಲ್ಲೇ ಎದ್ದು ಸೇರಿಸುವಂತೆ ಹೇಳಬೇಕು.

ಕೇಳುವ ವಿಧಾನವೂ ಮುಖ್ಯ. ಸಂಚಾರಕ್ಕೆ ತೊಂದರೆಯಾಗದಂತೆ ಕ್ರಮ ವಹಿಸಲಾಗುವುದು ಎಂಬ ವಾಕ್ಯವನ್ನು ಯಾರೂ ಪರಿಶೀಲಿಸಲಾರರು. ಪ್ರತ್ಯೇಕ ರಸ್ತೆ ಮುಗಿಯುವವರೆಗೆ ಉತ್ಪಾದನೆ ಆರಂಭಿಸಬಾರದು; ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಕೂಡುರಸ್ತೆಗೆ ಭಾರಿ ವಾಹನ ಬರಬಾರದು; ರಸ್ತೆಯ ಮೂಲಕ ಸಾಗುವ ಸರಕಿನ ಪಾಲಿಗೆ ಒಂದು ಗರಿಷ್ಠ ಮಿತಿ ಇರಬೇಕು ಮತ್ತು ಅದರ ತಿಂಗಳ ಲೆಕ್ಕ ಪಂಚಾಯಿತಿಯ ಫಲಕದಲ್ಲಿ ಬರಬೇಕು. ಹೀಗೆ ಕೇಳಿದರೆ ಷರತ್ತು ಪಾಲನೆಯಾಯಿತೋ ಇಲ್ಲವೋ ಎಂದು ಊರಿನ ಯಾರು ಬೇಕಾದರೂ ಹೇಳಬಲ್ಲರು. ಸಮಯದ ನಿರ್ಬಂಧವನ್ನು ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಅಡಿಯಲ್ಲಿ ಹೇರಲು ಅವಕಾಶವಿದೆ. ಹೊಸ ರಸ್ತೆ ರಾಷ್ಟ್ರೀಯ ಹೆದ್ದಾರಿಗೆ ಸೇರುವ ಜಾಗಕ್ಕೆ 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆಯಂತೆ ಅನುಮತಿ ಬೇಕು. ಆ ಅರ್ಜಿ ಸಲ್ಲಿಕೆಯಾಗಿದೆಯೇ, ವಿಭಜಕದ ಯಾವ ತೆರಪಿನಲ್ಲಿ ಲಾರಿಗಳು ತಿರುಗುತ್ತವೆ ಎಂದು ಕೇಳಿರಿ. ಪರಿಸರ ಅನುಮೋದನೆ ದೊರೆತ ಮೇಲೂ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನಾ ವರದಿಯನ್ನು ಕಂಪನಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ.

ಕೊನೆಯದಾಗಿ, ತಮ್ಮ ಸುತ್ತಮುತ್ತ ಅನುಮತಿ ಪಡೆದು ಇನ್ನೂ ಆರಂಭವಾಗದ ಅಥವಾ ವಿಸ್ತರಣೆಯಾಗುತ್ತಿರುವ ಘಟಕಗಳಿದ್ದರೆ ಅವುಗಳ ಲಾರಿಗಳನ್ನೂ ಈ ಲೆಕ್ಕದಲ್ಲಿ ಸೇರಿಸಬೇಕೆಂದು ಒತ್ತಾಯಿಸಿರಿ. ಗಿಣಿಗೇರಾ ಸುತ್ತಿನಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಬಂದಿವೆ. ಪ್ರತಿಯೊಂದೂ ತನ್ನ ಪಾಲು ಅಲ್ಪ ಎಂದು ಬರೆದರೆ ಎಲ್ಲವೂ ಕೂಡಿದ ಮೊತ್ತಕ್ಕೆ ಹೊಣೆ ಹೊರುವವರು ಇರುವುದಿಲ್ಲ.

ಕೊಪ್ಪಳ ತಾಲ್ಲೂಕು ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಊರಿನಲ್ಲಿ ಈ ಚರ್ಚೆಯನ್ನು ಓದಿ ಹೇಳಿದೆವು. ಸದ್ಯ ಕೊಯ್ಲು ಆರಂಭವಾಗಿದೆ, ಸಭೆಗೆ ಮುಂಚೆ ಒಂದು ಹುಣ್ಣಿಮೆಯೂ ಬರುತ್ತದೆ. ಹುಣ್ಣಿಮೆ ಒಳಗೊಳ್ಳುವಂತೆ ಸತತ ಏಳು ದಿನ, ಹಗಲು ರಾತ್ರಿ, ನಾವೇ ಎಣಿಸುವುದೆಂದು ತೀರ್ಮಾನವಾಗಿದೆ. ಹೆದ್ದಾರಿಯ ಕೂಡು, ರೈಲ್ವೆ ಗೇಟು, ಶಾಲೆಯ ಮುಂಭಾಗ ಈ ಮೂರು ಜಾಗಗಳಲ್ಲಿ ಪಾಳಿಯ ಮೇಲೆ ಜನ ಕೂರುತ್ತಾರೆ. ಗೇಟು ಬಿದ್ದ ಹೊತ್ತು, ಎದ್ದ ಹೊತ್ತು, ಆಗ ನಿಂತ ಸಾಲಿನ ಉದ್ದ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯುತ್ತೇವೆ. ಶಿಕ್ಷಕಿಯವರು ಹೇಳಿದಂತೆ ದಾಟುವ ಮಕ್ಕಳ ಎಣಿಕೆಯನ್ನು ನಮ್ಮ ಶಾಲಾಭಿವೃದ್ಧಿ ಸಮಿತಿಯ ತಾಯಂದಿರು ವಹಿಸಿಕೊಂಡಿದ್ದಾರೆ. ಲಾರಿ ಮಾಲೀಕರ ಬೇಡಿಕೆಯನ್ನು, ಅಂದರೆ ಒಳಗಿನ ನಿಲುಗಡೆ ಮತ್ತು ಗೇಟಿನಲ್ಲೇ ತೂಕದ ವ್ಯವಸ್ಥೆಯನ್ನು, ನಮ್ಮ ಮನವಿಯಲ್ಲೇ ಸೇರಿಸುತ್ತೇವೆ. ಎಂಜಿನಿಯರ್ ಸಾಹೇಬರು ಎಣಿಕೆಯ ನಮೂನೆಯನ್ನು ಒಮ್ಮೆ ನೋಡಿ ತಿದ್ದಿಕೊಡಬೇಕೆಂದು ಕೋರಿಕೆ.

ನಿವೃತ್ತ ರಸ್ತೆ ಎಂಜಿನಿಯರ್, ಬಳ್ಳಾರಿ

ಸಂತೋಷದಿಂದ ನೋಡಿಕೊಡುತ್ತೇನೆ. ಹದಿನೈದು ನಿಮಿಷಕ್ಕೊಂದು ಸಾಲು ಇರಲಿ, ಎರಡು ದಿಕ್ಕಿಗೂ ಬೇರೆ ಬೇರೆ ಹಾಳೆ ಇರಲಿ, ಎಣಿಸಿದವರ ಸಹಿ ಪ್ರತಿ ಹಾಳೆಯ ಕೆಳಗೆ ಇರಲಿ. ತುಂಬಿದ ಲಾರಿ ಮತ್ತು ಖಾಲಿ ಲಾರಿಯನ್ನು ಬೇರೆಯಾಗಿ ಬರೆಯಿರಿ.

ಅಕ್ಕಿ ಗಿರಣಿ, ಗಂಗಾವತಿ

ಟ್ರ್ಯಾಕ್ಟರಿಗೆ ಒಂದೇ ಟ್ರೇಲರ್ ಇದೆಯೋ ಎರಡು ಕಟ್ಟಿದ್ದಾರೋ ಎಂಬುದಕ್ಕೂ ಒಂದು ಕಾಲಂ ಮಾಡಿರಿ. ಗೇಟಿನ ಹತ್ತಿರ ರಾತ್ರಿ ಪಾಳಿಗೆ ಜನ ಕಡಿಮೆ ಬಿದ್ದರೆ ನಮ್ಮ ಗಿರಣಿಯಿಂದ ಇಬ್ಬರನ್ನು ಕರೆದುಕೊಂಡು ನಾನೇ ಬರುತ್ತೇನೆ.